ಎಷ್ಟು ಎಂಎಲ್ ಅಂತ ಕೇಳಬೇಡಿ

ಪೋಸ್ಟಿಂಗ್‌ಗೆ ಬರುವ ನರ್ಸಿಂಗ್ ಹುಡುಗಿಯರು ನನ್ನನ್ನು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು: "ಸಿಸ್ಟರ್, ಎಷ್ಟು ಎಂಎಲ್ ಲೋಡ್ ಮಾಡ್ಲಿ?" ಸಿರಿಂಜಿಗೆ ಎಷ್ಟು ಔಷಧ ಎಳೆಯಲಿ ಅಂತ. ನಾನು ಉತ್ತರ ಹೇಳುವುದಿಲ್ಲ. "ಡಾಕ್ಟರು ಎಷ್ಟು ಮಿಲಿಗ್ರಾಂ ಬರೆದಿದ್ದಾರೆ? ನಿನ್ನ ಕೈಲಿರೋ ಆಂಪ್ಯೂಲ್‌ನಲ್ಲಿ ಒಂದು ಎಂಎಲ್‌ಗೆ ಎಷ್ಟಿದೆ? ಓದಿ ಹೇಳು" ಅನ್ನುತ್ತೇನೆ. ಆಂಪ್ಯೂಲ್ ಅಂದರೆ ಕತ್ತು ಮುರಿದು ತೆಗೆಯುವ ಪುಟ್ಟ ಔಷಧದ ಶೀಸೆ. ಬೆಳಗ್ಗೆ 8 ಗಂಟೆಯ ಇಂಜೆಕ್ಷನ್ ಹೊತ್ತಿನಲ್ಲಿ ನಿಲ್ಲಿಸಿ ಲೆಕ್ಕ ಮಾಡಿಸಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ.

ವಾರ್ಡಿನಲ್ಲಿ ನಾವೆಲ್ಲ ಮಾತಾಡುವುದೇ ಹಾಗೆ. "ಒಂದು ಆಂಪ್ಯೂಲ್ ಹಾಕು", "ಅರ್ಧ ವಯಲ್ ಕೊಡು", "ಎರಡು ಸಿಸಿ ಸಾಕು". ವಯಲ್ ಅಂದರೆ ರಬ್ಬರ್ ಮುಚ್ಚಳದ ಔಷಧದ ಬಾಟಲಿ, ಸಿಸಿ ಅಂದರೆ ಎಂಎಲ್ಲೇ. ಒಂದೇ ಕಂಪನಿಯ ಸ್ಟಾಕ್ ಬರುತ್ತಿರುವ ತನಕ ಇದರಿಂದ ತೊಂದರೆ ಆಗುವುದಿಲ್ಲ. ಟೆಂಡರ್ ಬದಲಾಗಿ ಬೇರೆ ಸ್ಟ್ರೆಂತ್‌ನ ಪೆಟ್ಟಿಗೆ ಬಂತು ಅಂದುಕೊಳ್ಳಿ. ಅದೇ ಔಷಧ, ಅದೇ ಸೈಜಿನ ಬಾಟಲಿ, ಒಳಗಿರುವುದು ಮಾತ್ರ ಐದು ಪಟ್ಟು. ನಾವು ಹಳೇ ರೂಢಿಯಲ್ಲಿ "ಒಂದು ಎಂಎಲ್" ಅಂತಲೇ ಇರುತ್ತೇವೆ.

ಇನ್ಸುಲಿನ್‌ನಿಂದಲೇ ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ಇದರ ತಲೆನೋವು ಜಾಸ್ತಿ. ಇಲ್ಲಿ ಸಿಗುವ ಮಾಮೂಲಿ ಇನ್ಸುಲಿನ್ ವಯಲ್‌ನಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿಗೆ ಹಾಕುವ ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಗ್ಲಾರ್ಜಿನ್‌ನಂಥವು ವಯಲ್‌ನಲ್ಲೇ 100 ಬರುವುದೂ ಉಂಟು. ಸಿರಿಂಜೂ ಎರಡು ಬಗೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ರಾತ್ರಿ ಮಂಕು ಬೆಳಕಿನಲ್ಲಿ ಟ್ರೇ ಒಳಗೆ ಕೈ ಹಾಕಿದರೆ ಯಾವುದು ಕೆಂಪು, ಯಾವುದು ಕಿತ್ತಳೆ ಅಂತ ಹೇಳುವುದು ಕಷ್ಟ.

ಅದಲುಬದಲಾದರೆ ಏನಾಗುತ್ತದೆ, ನೋಡಿ. ಬರೆದಿರುವುದು 20 ಯೂನಿಟ್. 40ರ ವಯಲ್‌ಗೆ 100ರ ಸಿರಿಂಜ್ ಚುಚ್ಚಿ 20ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್. ಶುಗರ್ ಇಳಿಯುವುದಿಲ್ಲ. ರೌಂಡ್ಸಿಗೆ ಬಂದ ಡಾಕ್ಟರು ಡೋಸ್ ಏರಿಸುತ್ತಾರೆ. ಮಾರನೇ ದಿನ ಯಾರೋ ಸರಿಯಾದ ಸಿರಿಂಜಿನಲ್ಲಿ ಆ ಏರಿಸಿದ ಡೋಸ್ ಕೊಡುತ್ತಾರೆ. ಆಗ ಶುಗರ್ ದಬಕ್ಕನೆ ಬೀಳುತ್ತದೆ. ಇನ್ನು ಉಲ್ಟಾ ಆದರೆ, ಅಂದರೆ 100ರ ಇನ್ಸುಲಿನ್‌ನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ, ಒಂದೇ ಏಟಿಗೆ 50 ಯೂನಿಟ್. ಪೆನ್ ನೀಡಲ್ ಮುಗಿದಿದೆ ಅಂತ ಕಾರ್ಟ್ರಿಜ್‌ಗೇ ಸಿರಿಂಜ್ ಚುಚ್ಚಿ ಎಳೆಯುವವರನ್ನು ನಾನು ಕಂಡಿದ್ದೇನೆ. ಅಂಥ ಹೊತ್ತಲ್ಲೇ ಇದು ಆಗುವುದು.

ಐಸಿಯುನಲ್ಲಿ ಇನ್ನೊಂದು ಬಗೆ. ಅಲ್ಲಿ 50 ಯೂನಿಟ್ ಇನ್ಸುಲಿನ್‌ನ್ನು ಸಲೈನ್ ಸೇರಿಸಿ 50 ಎಂಎಲ್ ಮಾಡಿ, ಸಿರಿಂಜನ್ನು ತಾನೇ ನಿಧಾನವಾಗಿ ತಳ್ಳುವ ಪಂಪಿಗೆ ಹಾಕುತ್ತೇವೆ. ಈಗಿನ ಹುಡುಗಿಯರು ಮೊಬೈಲಿನಲ್ಲಿ ಅಮೆರಿಕದ ವೀಡಿಯೊ ನೋಡಿ ಕಲಿತು ಬರುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಮಾಮೂಲಿ ವಯಲ್ಲೇ 100ರದ್ದು. ಹಾಗಾಗಿ 50 ಯೂನಿಟ್ ಅಂದರೆ ಅರ್ಧ ಎಂಎಲ್ ಅಂತ ಅವರ ತಲೆಯಲ್ಲಿ ಕೂತಿರುತ್ತದೆ. ನಮ್ಮ 40ರ ವಯಲ್‌ನಿಂದ ಅರ್ಧ ಎಂಎಲ್ ತೆಗೆದರೆ ಸಿಗುವುದು 20 ಯೂನಿಟ್ ಅಷ್ಟೇ. 50 ಬೇಕಾದರೆ 1.25 ಎಂಎಲ್ ಎಳೆಯಬೇಕು. ಸಿರಿಂಜ್ ಪಂಪಿನ ಮೇಲೆ "ಒಂದು ಎಂಎಲ್‌ಗೆ ಒಂದು ಯೂನಿಟ್" ಅಂತ ಲೇಬಲ್ ಇರುತ್ತದೆ, ಒಳಗೆ ಅದರ ಅರ್ಧವೂ ಇರುವುದಿಲ್ಲ. ಪಂಪು ಪಾಪ, ತನ್ನ ಪಾಡಿಗೆ ಸರಿಯಾಗಿಯೇ ಓಡುತ್ತಿರುತ್ತದೆ.

ಇದೆಲ್ಲ ನಮ್ಮ ಊರಿನ ಹುಡುಗಿಯರ ದಡ್ಡತನ ಅಂತ ಯಾರೂ ಅಂದುಕೊಳ್ಳಬೇಡಿ. 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಟ ಡೆನ್ನಿಸ್ ಕ್ವೇಡ್ ಅವರ ನವಜಾತ ಅವಳಿ ಮಕ್ಕಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟಾಗ, ಎಂಎಲ್‌ಗೆ 10 ಯೂನಿಟ್‌ನ ಬದಲು 10,000 ಯೂನಿಟ್‌ನದ್ದು ಹೋಯಿತು. ಸಾವಿರ ಪಟ್ಟು. ಎರಡು ವಯಲ್‌ಗಳ ಲೇಬಲ್ಲೂ ನೀಲಿ ಛಾಯೆಯದ್ದು. ಆ ಮಕ್ಕಳು ಉಳಿದವು. ಅದರ ಹಿಂದಿನ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಇದೇ ತಪ್ಪಿಗೆ ಮೂರು ಕೂಸುಗಳು ಉಳಿಯಲಿಲ್ಲ. ನಮ್ಮಲ್ಲೂ ಹೆಪಾರಿನ್ 5 ಎಂಎಲ್ ವಯಲ್ ಎರಡು ಥರ ಬರುತ್ತದೆ: ಎಂಎಲ್‌ಗೆ 1000 ಯೂನಿಟ್‌ನದ್ದು, 5000 ಯೂನಿಟ್‌ನದ್ದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ ಅಂತ ನಾನು ಸ್ಟೋರಿನವರ ಜೊತೆ ಎಷ್ಟು ಸಲ ಜಗಳ ಆಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಮನೆಯಲ್ಲೂ ಇದೇ ಕತೆ. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ತಗೊಳ್ಳಿ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಇದೆ. 5 ಎಂಎಲ್‌ಗೆ 250 ಇರುವುದೂ ಇದೆ. ಕೈಕೂಸುಗಳಿಗೆ ಡ್ರಾಪ್ಸ್ ಇದೆ, ಅದರಲ್ಲಿ ಒಂದೇ ಎಂಎಲ್‌ಗೆ 100. ಮಗುವಿನ ತೂಕದ ಒಂದು ಕಿಲೋಗೆ 15 ಮಿಲಿಗ್ರಾಂ ಅಂತ ಲೆಕ್ಕ ಹಿಡಿದರೆ, 10 ಕಿಲೋ ಮಗುವಿಗೆ 150 ಮಿಲಿಗ್ರಾಂ. ಮೊದಲನೆಯದರಲ್ಲಿ 6 ಎಂಎಲ್, ಎರಡನೆಯದರಲ್ಲಿ 3, ಡ್ರಾಪ್ಸ್‌ನಲ್ಲಿ ಒಂದೂವರೆ. "ಕಳೆದ ಸಲ ಒಂದು ಚಮಚ ಕೊಟ್ಟಿದ್ದೆ ಸಿಸ್ಟರಮ್ಮ, ಈ ಸಲನೂ ಅಷ್ಟೇ ಕೊಟ್ಟೆ" ಅನ್ನುವ ತಾಯಿಯ ಕೈಯಲ್ಲಿ ಈ ಸಲ ಇರುವುದು ಡ್ರಾಪ್ಸ್ ಬಾಟಲಿ ಆದರೆ, ಆ ಚಮಚದಲ್ಲಿ 500 ಮಿಲಿಗ್ರಾಂ ಹೋಗಿರುತ್ತದೆ. ಕೇಸ್‌ಶೀಟಿನಲ್ಲಿ ಮಗುವಿನ ತೂಕ ಬರೆಯದೇ ಇದ್ದರೆ ನಾನು ಸಿರಪ್ ಮುಚ್ಚಳ ತೆಗೆಯುವುದಿಲ್ಲ. ಅಂದಾಜಿನ ತೂಕ ಬೇಡ, ತಕ್ಕಡಿ ಮೇಲೆ ಕೂರಿಸಿ.

ಈಗ ನನಗೆ ನಿಜವಾಗಲೂ ಭಯ ಹುಟ್ಟಿಸುವ ಆಂಪ್ಯೂಲ್. ಪೊಟ್ಯಾಸಿಯಂ ಕ್ಲೋರೈಡ್. 10 ಎಂಎಲ್ ಆಂಪ್ಯೂಲ್, ಒಳಗೆ 20 ಮಿಲಿ ಈಕ್ವಿವಲೆಂಟ್ (ಪೊಟ್ಯಾಸಿಯಂನಂಥ ಲವಣಗಳನ್ನು ಅಳೆಯುವ ಮಾನ). ನೀರಿನಷ್ಟೇ ತಿಳಿ. ಆಂಟಿಬಯೋಟಿಕ್ ಪುಡಿ ಕಲಸಲು ಬಳಸುವ ಡಿಸ್ಟಿಲ್ಡ್ ವಾಟರ್ ಕೂಡ 10 ಎಂಎಲ್ ಪ್ಲಾಸ್ಟಿಕ್ ಆಂಪ್ಯೂಲ್‌ನಲ್ಲೇ ಬರುತ್ತದೆ. ಎರಡೂ ಒಂದೇ ಡ್ರಾಯರ್‌ನಲ್ಲಿ ಬಿದ್ದಿದ್ದರೆ ಮುಂದಿನದ್ದನ್ನು ನಾನು ಹೇಳಬೇಕಿಲ್ಲ. ಪೊಟ್ಯಾಸಿಯಂ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಆಮೇಲೆ ಸರಿಪಡಿಸಲು ಸಮಯ ಸಿಗುವುದಿಲ್ಲ. ಇಂಥ ಗಟ್ಟಿ ದ್ರಾವಣಗಳನ್ನು ವಾರ್ಡಿನಲ್ಲಿ ಸುಮ್ನೆ ಇಡಬೇಡಿ, ಬೇರೆ ಕಡೆ ಬೀಗ ಹಾಕಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ಅದು ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲೇ ಇರುತ್ತಿತ್ತು. "ಎಮರ್ಜೆನ್ಸಿಗೆ ಬೇಕಲ್ಲ ಸಿಸ್ಟರ್" ಅನ್ನುತ್ತಿದ್ದರು. ಪೊಟ್ಯಾಸಿಯಂ ಕಡಿಮೆ ಆಗಿರುವುದನ್ನು ಗಂಟೆಗಟ್ಟಲೆ ನಿಧಾನವಾಗಿ ತುಂಬಿಸುತ್ತೇವೆ. ಅಷ್ಟು ಹೊತ್ತಿನಲ್ಲಿ ಫಾರ್ಮಸಿಗೆ ಹೋಗಿ ತರಬಹುದು.

ಡ್ರಿಪ್‌ಗೆ ಸೇರಿಸುವಾಗಲೂ ಒಂದು ಸೂಕ್ಷ್ಮ ಇದೆ, ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ, ಯಾರೂ ಗಮನಿಸುವುದಿಲ್ಲ. ಸ್ಟ್ಯಾಂಡಿನಲ್ಲಿ ನೇತಾಡುತ್ತಿರುವ ಬಾಟಲಿಗೆ ಚುಚ್ಚಿ ಪೊಟ್ಯಾಸಿಯಂ ಹಾಕಿದರೆ ಅದು ಸಲೈನಿಗಿಂತ ಭಾರ, ತಳಕ್ಕೆ ಇಳಿದು ಕೂರುತ್ತದೆ. ಡ್ರಿಪ್ ಹೊರಡುವುದೂ ತಳದಿಂದಲೇ ಅಲ್ವಾ? ಅಲ್ಲಿಗೆ ಮೊದಲು ಹೋಗುವುದೆಲ್ಲ ಗಟ್ಟಿ ಪೊಟ್ಯಾಸಿಯಂ. ಬಾಟಲಿ ಇಳಿಸಬೇಕು, ಔಷಧ ಹಾಕಬೇಕು, ನಾಲ್ಕಾರು ಸಲ ತಲೆಕೆಳಗು ಮಾಡಿ ಬೆರೆಸಬೇಕು, ಏನು ಎಷ್ಟು ಹಾಕಿದೆ ಅಂತ ಲೇಬಲ್ ಅಂಟಿಸಬೇಕು, ಆಮೇಲೆ ನೇತುಹಾಕಬೇಕು. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ದಾಟಿಸುವುದಿಲ್ಲ. ರೋಗಿ "ಕೈ ಉರೀತಿದೆ" ಅಂದರೆ ನಖರಾ ಅನ್ನಬೇಡಿ, ಡ್ರಿಪ್ ವೇಗ ನೋಡಿ, ವೆನ್‌ಫ್ಲಾನ್ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಜಾಗ ನೋಡಿ. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ಹಾಕುವ ಮೊದಲೇ ಕೇಳಿ. ಕಿಡ್ನಿ ಕೆಲಸ ಮಾಡದಿದ್ದರೆ ಹಾಕಿದ ಪೊಟ್ಯಾಸಿಯಂ ಹೊರಗೆ ಹೋಗಲು ದಾರಿಯಿಲ್ಲ.

ಲೆಕ್ಕ ಸರಿಯಾಗಿ ಮಾಡಿ ಕೊಟ್ಟರೆ ಅರ್ಧ ಕೆಲಸ ಆಯಿತು. ಉಳಿದರ್ಧ ಕೊಟ್ಟ ಮೇಲೆ. ಇದನ್ನು ನಾನು ಕಲಿತದ್ದು ಹೆರಿಗೆ ವಾರ್ಡಿನಲ್ಲಿ, ಮ್ಯಾಗ್‌ಸಲ್ಫ್‌ನಿಂದ, ಅಂದರೆ ಮೆಗ್ನೀಸಿಯಂ ಸಲ್ಫೇಟ್‌ನಿಂದ.

ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಸಿಯಂ ಸಲ್ಫೇಟ್ ಬಿಟ್ಟು ಬೇರೆ ಮಾತಿಲ್ಲ. ನಮ್ಮ ಆಂಪ್ಯೂಲ್ 2 ಎಂಎಲ್, 50 ಪರ್ಸೆಂಟ್, ಅಂದರೆ ಒಂದು ಆಂಪ್ಯೂಲ್‌ಗೆ 1 ಗ್ರಾಂ. ನಾವು ಬಳಸುತ್ತಿದ್ದ ಪ್ರಿಚರ್ಡ್ ಕ್ರಮದಲ್ಲಿ ಶುರುವಿಗೇ 14 ಗ್ರಾಂ. ಮೊದಲು 4 ಆಂಪ್ಯೂಲ್ ತೆಗೆದರೆ 8 ಎಂಎಲ್ ಆಯಿತು, ಅದಕ್ಕೆ 12 ಎಂಎಲ್ ನೀರು ಸೇರಿಸಿ 20 ಎಂಎಲ್ ಮಾಡಿ, ನಿಧಾನವಾಗಿ, 5 ನಿಮಿಷಕ್ಕೂ ಕಡಿಮೆ ಆಗದ ಹಾಗೆ ರಕ್ತನಾಳಕ್ಕೆ. ಆಮೇಲೆ ಡೈಲ್ಯೂಟ್ ಮಾಡದೆ, ಅಂದರೆ ನೀರು ಬೆರೆಸದೆ, ಐದೈದು ಗ್ರಾಂ ಎರಡೂ ಪೃಷ್ಠಕ್ಕೆ ಆಳವಾಗಿ, ನೋವು ಕಡಿಮೆ ಆಗಲಿ ಅಂತ ಸ್ವಲ್ಪ ಮರಗಟ್ಟಿಸುವ ಲಿಗ್ನೋಕೇನ್ ಸೇರಿಸಿ. ಫಿಟ್ಸ್ ಬಂದ ಹೆಂಗಸು, ಬಾಗಿಲಲ್ಲಿ ಅಳುತ್ತಿರುವ ಅವಳ ತಾಯಿ, ಕೂಗುತ್ತಿರುವ ಡ್ಯೂಟಿ ಡಾಕ್ಟರು, ಇವರೆಲ್ಲರ ನಡುವೆ 14 ಆಂಪ್ಯೂಲ್ ಒಡೆಯಬೇಕು. ಯಾವುದನ್ನು ಡೈಲ್ಯೂಟ್ ಮಾಡಬೇಕು, ಯಾವುದನ್ನು ಮಾಡಬಾರದು ಅಂತ ಆಗ ಯೋಚಿಸಿದರೆ ತಡ. ಅದಕ್ಕೇ ನಮ್ಮ ಇನ್‌ಚಾರ್ಜ್ ಸಿಸ್ಟರ್ ಒಂದು ಸ್ಟೀಲ್ ಡಬ್ಬಿ ಮಾಡಿಸಿದ್ದರು. ಆಂಪ್ಯೂಲ್, ಸಿರಿಂಜ್, ನೀರು ಎಲ್ಲ ಎಣಿಸಿಟ್ಟು, ಮುಚ್ಚಳದ ಒಳಗೆ ಕನ್ನಡದಲ್ಲಿ ಲೆಕ್ಕ ಬರೆದು ಅಂಟಿಸಿದ್ದರು. ಜೊತೆಗೆ ಅದೇ ಡಬ್ಬಿಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್.

ಆ ಕ್ಯಾಲ್ಸಿಯಂ ಯಾಕೆ ಅಂದರೆ, ಮೆಗ್ನೀಸಿಯಂ ಫಿಟ್ಸ್ ನಿಲ್ಲಿಸುವುದರ ಜೊತೆಗೆ ಸ್ನಾಯುಗಳನ್ನೂ ಸಡಿಲಿಸುತ್ತದೆ. ರಕ್ತದಲ್ಲಿ ಜಾಸ್ತಿ ಆದಂತೆ ಮೊದಲು ಮಂಡಿಯ ಜರ್ಕ್ ಹೋಗುತ್ತದೆ. ಇನ್ನೂ ಜಾಸ್ತಿ ಆದರೆ ಉಸಿರಾಟ ಕುಗ್ಗುತ್ತದೆ. ಅದನ್ನೂ ಮೀರಿದರೆ ಹೃದಯ. ಈ ಔಷಧದ ಒಂದು ಒಳ್ಳೆಯ ಗುಣ ಅಂದರೆ ಅದು ಮುಂಚೆಯೇ ಹೇಳಿ ಬರುತ್ತದೆ, ನೋಡುವವರು ಇರಬೇಕು ಅಷ್ಟೇ. ಅದಕ್ಕೇ 4 ಗಂಟೆಗೊಮ್ಮೆ ಮುಂದಿನ 5 ಗ್ರಾಂ ಕೊಡುವ ಮೊದಲು ಮೂರು ನೋಡಬೇಕು. ಮಂಡಿ ತಟ್ಟಿದರೆ ಕಾಲು ಎಗರುತ್ತದಾ. ಉಸಿರು ನಿಮಿಷಕ್ಕೆ 16ಕ್ಕಿಂತ ಜಾಸ್ತಿ ಇದೆಯಾ. ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಜಾಸ್ತಿ ಬಂದಿದೆಯಾ. ಒಂದು ಇಲ್ಲದಿದ್ದರೂ ಡೋಸ್ ಕೊಡದೆ ಡಾಕ್ಟರಿಗೆ ಫೋನ್. ಉಸಿರು ಇಳಿದಿದ್ದರೆ ಆಕ್ಸಿಜನ್ ಹಚ್ಚಿ, ಕ್ಯಾಲ್ಸಿಯಂ ಗ್ಲುಕೋನೇಟ್ 10 ಪರ್ಸೆಂಟ್ 10 ಎಂಎಲ್ ಸಿದ್ಧ ಇಟ್ಟುಕೊಳ್ಳಬೇಕು, ಅದನ್ನೂ ನಿಧಾನವಾಗಿಯೇ ಕೊಡುವುದು. ಮಂಡಿ ತಟ್ಟುವ ಹ್ಯಾಮರ್ ಹೆರಿಗೆ ವಾರ್ಡಿನಲ್ಲಿ ಯಾವತ್ತೂ ಸಿಗುವುದಿಲ್ಲ. ಸ್ಟೆತಸ್ಕೋಪಿನ ಅಂಚು ಸಾಕು.

ಇನ್ನೊಂದು. ರಕ್ತನಾಳಕ್ಕೆ ಕೊಡುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಮುಖ ಕೆಂಪಾಗುತ್ತದೆ. ಎಚ್ಚರ ಇರುವ ಹೆಂಗಸಿಗೆ "ಸ್ವಲ್ಪ ಬಿಸಿ ಬಿಸಿ ಅನ್ಸುತ್ತೆ ಕಣಮ್ಮ, ಹೆದರ್ಬೇಡ" ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ಗಾಬರಿ ಕಡಿಮೆ. ಇದು ಯಾವ ಚಾರ್ಟಿನಲ್ಲೂ ಬರೆದಿರುವುದಿಲ್ಲ.

ಔಷಧ ಏನು ಮಾಡುತ್ತದೆ, ಯಾವಾಗ ಮಾಡುತ್ತದೆ ಅಂತ ಗೊತ್ತಿದ್ದರೆ ಯಾವ ಹೊತ್ತಿನಲ್ಲಿ ಯಾವ ಹಾಸಿಗೆ ಹತ್ತಿರ ಹೋಗಬೇಕು ಅಂತಲೂ ಗೊತ್ತಾಗುತ್ತದೆ. ಬೆಳಗ್ಗೆ ಏಳೂವರೆಗೆ ರೆಗ್ಯುಲರ್ ಇನ್ಸುಲಿನ್ ಕೊಟ್ಟರೆ ಅದರ ಜೋರು ಎರಡರಿಂದ ನಾಲ್ಕು ಗಂಟೆ ಬಿಟ್ಟು. ತಿಂಡಿ ಗಾಡಿ ತಡ ಆದರೆ, ಅಥವಾ ಯಾರೋ ಬಂದು "ಸ್ಕ್ಯಾನಿಂಗ್ ಇದೆ, ಏನೂ ತಿನ್ನಬೇಡಿ" ಅಂತ ಹೇಳಿ ಹೋದರೆ, ಹತ್ತೂವರೆಗೆ ಅಜ್ಜ ಬೆವೆತು ಕೂತಿರುತ್ತಾನೆ. ನನ್ನ ವಾರ್ಡಿನಲ್ಲಿ ತಟ್ಟೆ ಕಣ್ಣಿಗೆ ಕಂಡ ಮೇಲೆ ಇನ್ಸುಲಿನ್. ಬಿಪಿಗೆ ಅಂತ ಅಟೆನೊಲಾಲ್, ಪ್ರೊಪ್ರನೊಲಾಲ್ ತರಹದ ಮಾತ್ರೆ ತಗೊಳ್ಳುವವರಿಗೆ ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಹಾಗಾಗಿ ಫ್ಯಾನ್ ಕೆಳಗೆ ಕೂತು ಬೆವೆಯುತ್ತಿರುವ ಶುಗರ್ ಪೇಶಂಟ್ ಕಂಡರೆ ಮೊದಲು ಗ್ಲುಕೋಮೀಟರ್, ಮಾತು ಆಮೇಲೆ.

ಹೃದಯದ ಔಷಧ ಡಿಗಾಕ್ಸಿನ್ ಬಗ್ಗೆ ಎರಡೇ ಮಾತು. ಕೊಡುವ ಮೊದಲು ಎದೆ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಹೃದಯದ ಬಡಿತ ಎಣಿಸಿ, 60ಕ್ಕಿಂತ ಕಡಿಮೆ ಇದ್ದರೆ ತಡೆದು ಕೇಳಿ. ಚಾರ್ಟಿನಲ್ಲಿ "5/7" ಅಂತಿದ್ದರೆ ವಾರಕ್ಕೆ ಐದು ದಿನ, ಎರಡು ದಿನ ಬಿಡುವು ಅಂತ ಅರ್ಥ. ಅದು ತಾರೀಕು ಅಲ್ಲ.

ಚಾರ್ಟಿನ ಮಾತು ಬಂತಲ್ಲ. ಯೂನಿಟ್ ಅನ್ನುವುದಕ್ಕೆ ಬರೀ ಇಂಗ್ಲಿಷ್ ಅಕ್ಷರ ಯು ಗೀಚುವ ಡಾಕ್ಟರುಗಳಿಗೆ ಒಂದು ವಿನಂತಿ: ದಯವಿಟ್ಟು ಪೂರ್ತಿ ಬರೆಯಿರಿ. ನಿಮ್ಮ ಯು ನಮಗೆ ಸೊನ್ನೆಯ ಥರ ಕಾಣುತ್ತದೆ, 10 ಯೂನಿಟ್ 100 ಆಗುತ್ತದೆ. 1.0 ಅಂತ ಬರೆದರೆ ಚುಕ್ಕೆ ಕಾರ್ಬನ್ ಕಾಪಿಯಲ್ಲಿ ಮಾಯ ಆಗಿ 10 ಉಳಿಯುತ್ತದೆ. ಬರೀ .5 ಅಂದರೆ 5. ಫೋನಿನಲ್ಲಿ ಆರ್ಡರ್ ಹೇಳಿದಾಗ ನಾವು ತಿರುಗಿ ಓದಿ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. "ಫಿಫ್ಟೀನ್, ಒಂದು ಐದು" ಅಂತ ಬಿಡಿಸಿ ಹೇಳಿಸಿಕೊಳ್ಳುವುದು ನಮಗೆ ಕಿವಿ ಕೇಳದೆ ಅಲ್ಲ.

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಹೊತ್ತು. ಈ ಐದನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಲೋಡ್ ಮಾಡುತ್ತಿರುವ ಸಿಸ್ಟರನ್ನು ಅಟೆಂಡರ್ "ಡಿಸ್ಚಾರ್ಜ್ ಯಾವಾಗ" ಅಂತ ಕೇಳುತ್ತಾನೆ, ಲ್ಯಾಬಿನಿಂದ ಫೋನ್ ಬರುತ್ತದೆ, ಪಕ್ಕದ ಹಾಸಿಗೆಯ ಡ್ರಿಪ್ ಮುಗಿದು ಕೂಗುತ್ತಾರೆ. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ. ತಪ್ಪಾದ ಮೇಲೆ ಮೆಮೊ ಕೊಡುವುದು ಸುಲಭ. ಡ್ರಾಯರ್ ಬೇರೆ ಮಾಡುವುದು, ಇನ್ನೊಬ್ಬಳನ್ನು ಡ್ಯೂಟಿಗೆ ಹಾಕುವುದು ಖರ್ಚಿನ ಬಾಬ್ತು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಈ ಮೂರನ್ನಾದರೂ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಮಾಡಿ ತಾಳೆ ನೋಡಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಬೇರೆ ಬೇರೆಯಾಗಿ ಅನ್ನುವುದು ಮುಖ್ಯ. "ಅಕ್ಕ, ಇದು 10 ಯೂನಿಟ್, ಸರಿ ಅಲ್ವಾ?" ಅಂತ ಕೇಳಿದರೆ ಯಾರಾದರೂ ಹೂಂ ಅನ್ನುತ್ತಾರೆ. ಏನೂ ಹೇಳದೆ ವಯಲ್, ಸಿರಿಂಜ್ ಎರಡನ್ನೂ ಕೈಗೆ ಕೊಟ್ಟು "ಇದೆಷ್ಟು?" ಅಂತ ಕೇಳಬೇಕು.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಇರುವವರ ಮಾತ್ರೆಗಳನ್ನೂ ಒಂದು ಸಲ ನೋಡಿ. ಎಲ್ಲವನ್ನೂ ಒಟ್ಟಿಗೆ ಕುಟ್ಟಿ ಪುಡಿ ಮಾಡಿ ಹಾಕುವ ರೂಢಿ ಎಲ್ಲ ಕಡೆ ಇದೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಎಲ್, ಇಆರ್ ಅಂತ ಇದ್ದರೆ ಅದು ದಿನವಿಡೀ ನಿಧಾನವಾಗಿ ಬಿಡುಗಡೆ ಆಗಲಿ ಅಂತ ಮಾಡಿದ್ದು. ಕುಟ್ಟಿದರೆ ದಿನದ ಡೋಸ್ ಎಲ್ಲ ಒಟ್ಟಿಗೆ ಇಳಿಯುತ್ತದೆ, ಬಿಪಿ ಮಾತ್ರೆಯಾದರೆ ಮಧ್ಯಾಹ್ನದೊಳಗೆ ಬಿಪಿ ಪಾತಾಳಕ್ಕೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆ ಕುಟ್ಟಿದರೆ ಮೇಲಿನ ಲೇಪ ಹೋಗಿ ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತದೆ. ಬೇರೆ ರೂಪದಲ್ಲಿ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಇರುತ್ತದೆ.

ಡಿಸ್ಚಾರ್ಜ್ ದಿನ ನಾನು ಮನೆಯವರಿಗೆ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲಿರುವ ಎಲ್ಲ ಮಾತ್ರೆ ಚೀಲದಲ್ಲಿ ತನ್ನಿ, ಹಾಸಿಗೆ ಮೇಲೆ ಸುರಿಯಿರಿ. ಡೋಲೊ, ಕ್ಯಾಲ್ಪಾಲ್, ಕ್ರೋಸಿನ್ ಮೂರೂ ಇರುತ್ತವೆ, ಮೂರೂ ಪ್ಯಾರಾಸಿಟಮಾಲ್. ತಲೆನೋವಿಗೆ ಒಂದು, ಮೈಕೈ ನೋವಿಗೆ ಒಂದು, ಜ್ವರಕ್ಕೆ ಒಂದು ಅಂತ ಬೇರೆ ಬೇರೆ ನುಂಗುತ್ತಿರುತ್ತಾರೆ. ಶುಗರ್ ಮಾತ್ರೆಯಲ್ಲೂ ಹಾಗೇ. ಇಲ್ಲಿ ಬರೆದುಕೊಟ್ಟ ಬ್ರ್ಯಾಂಡ್ ಒಂದು, ಊರಿನ ಅಂಗಡಿಯ ಬ್ರ್ಯಾಂಡ್ ಇನ್ನೊಂದು, ಒಳಗಿನ ಔಷಧ ಒಂದೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರು ನೋಡಿ ಅಂತ ಮನೆಯಲ್ಲಿ ಓದುವ ಹುಡುಗ ಯಾರಿದ್ದಾನೋ ಅವನಿಗೆ ತೋರಿಸಿಕೊಡುತ್ತೇನೆ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಇದ್ದರೆ ಮಾತ್ರ ನಾನೇ ಕವರಿನ ಮೇಲೆ ದಪ್ಪಗೆ ಬರೆಯುತ್ತೇನೆ: "ವಾರಕ್ಕೆ ಒಂದೇ ದಿನ, ಸೋಮವಾರ". ದಿನಾ ತಗೊಂಡರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಇಳಿದು ಜೀವಕ್ಕೇ ಬರುತ್ತದೆ. ಅದರ ಜೊತೆ ಕೊಡುವ ಫೋಲಿಕ್ ಆ್ಯಸಿಡ್ ಕೂಡ ಹಳದಿ ಮಾತ್ರೆ, ಅದಕ್ಕೇ ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕಳಿಸುವುದಿಲ್ಲ.

ಮನೆಗೆ ಹೋದ ಮೇಲೆ ಯಾವುದಾದರೂ ಮಾತ್ರೆಯಿಂದ ಮೈಮೇಲೆ ಗಂಧೆ ಎದ್ದರೆ, ಬಾಯಿ ಕಣ್ಣು ಉರಿ ಬಂದರೆ, ಅದನ್ನು ನಿಲ್ಲಿಸಿ ಆಸ್ಪತ್ರೆಗೆ ಬನ್ನಿ. ಮುಖ ಊದಿ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ. ಔಷಧದ ಅಡ್ಡ ಪರಿಣಾಮ ತಿಳಿಸಲು ದೇಶಕ್ಕೆಲ್ಲ ಒಂದು ಉಚಿತ ನಂಬರ್ ಇದೆ, 1800-180-3024. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ವ್ಯವಸ್ಥೆಯದ್ದು. ಡಾಕ್ಟರೇ ಮಾಡಬೇಕು ಅಂತಿಲ್ಲ, ನರ್ಸ್ ಮಾಡಬಹುದು, ರೋಗಿಯ ಮನೆಯವರೂ ಮಾಡಬಹುದು. ಬರುವಾಗ ಸ್ಟ್ರಿಪ್ ತಗೊಂಡು ಬನ್ನಿ, ಖಾಲಿಯಾಗಿದ್ದರೂ ಎಸೆಯಬೇಡಿ. ಬ್ಯಾಚ್ ನಂಬರ್ ಅದರ ಮೇಲೇ ಇರುತ್ತದೆ.